ಬಿಸಿನೀರಿನ ಪಾತ್ರೆಯಲ್ಲಿ ಸಿಕ್ಕ ಉತ್ತರ

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ದುಬೈ, ಅಬುಧಾಬಿಯ ರಸ್ತೆಬದಿಯಲ್ಲಿ ಬಾನೆಟ್ ಎತ್ತಿ ನಿಂತ ಹಳೆಯ ಕಾರುಗಳನ್ನು ನಾವೆಲ್ಲ ನೋಡಿದ್ದೇವೆ. ಹೊರಗಿನ ಗಾಳಿಯೇ 45 ಡಿಗ್ರಿ ಇರುವಾಗ ಎಂಜಿನ್ ತಣ್ಣಗಿರುವುದಾದರೂ ಹೇಗೆ? ಹಳೆಯ ಕಾರಿನಲ್ಲಿ ಪೆಟ್ರೋಲ್ ಉರಿದು ಬರುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದದ್ದೆಲ್ಲ ಶಾಖ. ಆ ಶಾಖದಲ್ಲಿ ದೊಡ್ಡ ಪಾಲನ್ನು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡುವುದು ಕೂಲೆಂಟ್ ಎಂಬ ದ್ರವದ ಕೆಲಸ.

1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ಗಂಡ ತಯಾರಿಸಿದ ಕಾರಿನಲ್ಲಿ ತನ್ನ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದರು. ಎಂಜಿನ್ ತಣಿಸಲು ದಾರಿಯುದ್ದಕ್ಕೂ ನೀರು ತುಂಬಿಸಬೇಕಾಯಿತು. ಸವೆದ ಬ್ರೇಕಿಗೆ ದಾರಿಯ ಊರಿನಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಚರ್ಮ ಹೊಡೆದುಕೊಟ್ಟರು. ಲೋಕದ ಮೊದಲ ಕಾರ್ ಮೆಕ್ಯಾನಿಕ್‌ಗಳಲ್ಲಿ ಅವರೂ ಒಬ್ಬರೆಂದು ನಾವು ಲೆಕ್ಕ ಹಾಕಿದ್ದೇವೆ.

ಈಗಿನ ಕಾರಿನಲ್ಲಿ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲಿದೆ. ಅದರೊಳಗೆ ಮೇಣವಿರುತ್ತದೆ. ಸುಮಾರು 80ರಿಂದ 90 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ; ತಣಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ನಮ್ಮ ಮನೆಯ ಕಾರಿಗೆ ಹದಿನಾಲ್ಕು ವರ್ಷ. ಕಳೆದ ಬೇಸಿಗೆಯಲ್ಲಿ ಶಾರ್ಜಾ ದಾರಿಯ ಟ್ರಾಫಿಕ್ಕಿನಲ್ಲಿ ಅದರ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಮೊದಲು ತೋರಿಸಿದ ಗ್ಯಾರೇಜಿನವರು "ಎಂಜಿನ್ ಹೋಗಿದೆ, ಬೇರೆ ಹಾಕಬೇಕು, ನಾಲ್ಕು ಸಾವಿರ ದಿರ್ಹಂ" ಎಂದರು. ಅದು ಇಬ್ಬರು ಮಕ್ಕಳ ಶಾಲಾ ಫೀಸು ಕಟ್ಟುವ ತಿಂಗಳು. ಮುಲ್ಕಿಯಾ ಮುಗಿಯಲು ಹತ್ತೇ ದಿನ. (ಮುಲ್ಕಿಯಾ ಎಂದರೆ ವಾಹನದ ನೋಂದಣಿ ಪತ್ರ; ಮಂಗಳೂರಿನ ಹತ್ತಿರದ ನಮ್ಮ ಮುಲ್ಕಿಗೂ ಇದಕ್ಕೂ ಸಂಬಂಧವಿಲ್ಲ!) ಹಳೆಯ ಕಾರು ಪ್ರತಿವರ್ಷ ತಪಾಸಣೆಯಲ್ಲಿ ಪಾಸಾಗದಿದ್ದರೆ ಅದು ನವೀಕರಣವಾಗುವುದಿಲ್ಲ. ಕಾರನ್ನು ಗುಜರಿಗೆ ಕೊಡುವ ಮಾತೂ ಮನೆಯಲ್ಲಿ ನಡೆಯಿತು.

ಅಬುಧಾಬಿಯವರಿಗೆ ಮುಸಫ್ಫಾ ಹೇಗೋ ದುಬೈಯವರಿಗೆ ಅಲ್ ಕೂಜ್ ಹಾಗೆ: ಬೀದಿ ತುಂಬ ಗ್ಯಾರೇಜುಗಳು. ಅಲ್ಲಿ ಉಪ್ಪಳದ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರಂತೆ ನಾವೂ ಅವರನ್ನು ಉಸ್ತಾದ್ ಎನ್ನುತ್ತೇವೆ. ಅವರು ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದರು: ಎಣ್ಣೆಗೆ ನೀರು ಸೇರಿದ್ದರೆ ಅದು ಹಾಲು ಬೆರೆಸಿದಂತೆ ಕಾಣಬೇಕಿತ್ತು, ಹಾಗಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿನ ಎರಡು ಪೈಪುಗಳನ್ನು ಮುಟ್ಟಿ ನೋಡಿದರು. ಮೇಲಿನದು ಸುಡುತ್ತಿತ್ತು, ಕೆಳಗಿನದು ತಣ್ಣಗಿತ್ತು.

"ಎಂಜಿನ್ನಿಗೆ ಏನೂ ಆಗಿಲ್ಲ ಸಾರ್. ಬಾಗಿಲು ತೆರೆಯುತ್ತಿಲ್ಲವೋ ಏನೋ, ನೋಡುವ."

ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಲು ಯಾರನ್ನೂ ಬಿಡಲಿಲ್ಲ. ಮಕ್ಕಳೇ, ಇದು ಗಮನಿಸಬೇಕಾದ ಮಾತು. ರೇಡಿಯೇಟರ್ ಎಂದರೆ ಪ್ರೆಶರ್ ಕುಕ್ಕರ್ ಇದ್ದಂತೆ. ಒತ್ತಡದಿಂದಾಗಿ ಅದರೊಳಗಿನ ನೀರು 100 ಡಿಗ್ರಿಗೂ ಕುದಿಯದೆ ಇರುತ್ತದೆ. ಬಿಸಿಯಲ್ಲಿ ಮುಚ್ಚಳ ತೆರೆದರೆ ಒತ್ತಡ ಥಟ್ಟನೆ ಇಳಿದು ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಆಮೇಲೆ ಉಸ್ತಾದ್ ಹಳೆಯ ಥರ್ಮೋಸ್ಟಾಟ್ ಬಿಚ್ಚಿದರು. ಒಂದು ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಮುಳುಗಿಸಿ "ಬಗ್ಗಿ ನೋಡಿ" ಎಂದು ಮಕ್ಕಳನ್ನು ಕರೆದರು. ನೀರು ಕಾಯುತ್ತ ಬಂದಂತೆ ಹೊಸದು ಮೆಲ್ಲನೆ ಬಾಯಿ ತೆರೆಯಿತು. ನೀರು ಕುದಿದರೂ ಹಳೆಯದು ಅಲುಗಲಿಲ್ಲ. ಪಠ್ಯಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ಉಷ್ಣದಿಂದ ವಸ್ತು ಹಿಗ್ಗುವುದನ್ನು ನಮ್ಮ ಮಗ ಕಣ್ಣಾರೆ ಕಂಡದ್ದು ಅಂದೇ.

ಬಿಡಿಭಾಗ, ಕೂಲೆಂಟ್, ಕೂಲಿ ಎಲ್ಲ ಸೇರಿ ಬಿಲ್ 180 ದಿರ್ಹಂ. ಹಳೆಯ ತುಂಡನ್ನು ಕಾಗದದಲ್ಲಿ ಸುತ್ತಿ ಮಗನ ಕೈಗಿತ್ತರು. ಕಾರು ತಪಾಸಣೆಯಲ್ಲಿ ಒಂದೇ ಸಲಕ್ಕೆ ಪಾಸಾಯಿತು. ಧನ್ಯವಾದ ಹೇಳಲು ಸಿಹಿ ಹಿಡಿದು ಮತ್ತೆ ಹೋದೆವು. ಬ್ಯಾಟರಿಗೂ ಎರಡು ವರ್ಷವಾಯಿತಲ್ಲ, ಈಗಲೇ ಬದಲಿಸೋಣವೇ ಎಂದು ಕೇಳಿದೆವು. ಉಸ್ತಾದ್ ಮೀಟರ್ ಹಿಡಿದು ಪರೀಕ್ಷಿಸಿ, "ಈಗ ಬೇಡ ಸಾರ್, ಇನ್ನೂ ಚೆನ್ನಾಗಿದೆ. ಮಾರ್ಚಿನಲ್ಲಿ ಬನ್ನಿ" ಎಂದು ಬೇರೊಂದು ಕಾರಿನಡಿ ನುಸುಳಿದರು.