ಘರ್ಷಣದ ವಿದ್ಯುತ್ತು: ಮನೆಯಲ್ಲಿ ಮಾಡಿ ನೋಡತಕ್ಕ ಕೆಲವು ಪ್ರಯೋಗಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ವಿಜ್ಞಾನ ಪಾಠವನ್ನು ಬರೆದುಕೊಡಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ನನಗೆ ಮೊದಲು ನೆನಪಾದುದು ನಾನು ಸರಿಯಾಗಿ ಕಲಿಸದೆ ಹೋದ ಒಂದು ಪಾಠವು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆನು. ಆಷಾಢದ ಮಳೆಯು ಹಂಚಿನ ಮೇಲೆ ಸುರಿಯುತ್ತಲಿತ್ತು. ಮೇಜಿನ ಮೇಲೆ ಗಾಜಿನ ಕೋಲು, ರೇಷ್ಮೆಯ ಚೌಕ, ಅರಗಿನ ಕಡ್ಡಿ, ಉಣ್ಣೆಯ ಬಟ್ಟೆ, ಕಾಗದದ ಚೂರುಗಳು ಎಲ್ಲವೂ ಸಿದ್ಧವಾಗಿದ್ದವು. ಗಾಜಿನ ಕೋಲನ್ನು ರೇಷ್ಮೆಯಿಂದ ತೋಳು ನೋಯುವ ತನಕ ಉಜ್ಜಿ ಕಾಗದದ ಬಳಿಗೆ ತಂದೆನು. ಒಂದು ಚೂರೂ ಮಿಸುಕಲಿಲ್ಲ. ಅರಗನ್ನು ಉಜ್ಜಿದೆನು; ಅದೂ ಹಾಗೆಯೇ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಟೀಚರ್, ಪುಸ್ತಕದಲ್ಲಿರುವುದನ್ನು ಬರೆಯಬೇಕೋ, ಇಲ್ಲಿ ಕಂಡದ್ದನ್ನು ಬರೆಯಬೇಕೋ?" ಎಂದು ವಿನಯದಿಂದಲೇ ಕೇಳಿದಳು. ಗಂಟೆ ಹೊಡೆಯುವ ಹೊತ್ತಾಗಿತ್ತು. "ಪುಸ್ತಕದಲ್ಲಿರುವುದನ್ನೇ ಬರೆಯಿರಿ" ಎಂದುಬಿಟ್ಟೆನು. ತರಗತಿಯವರೆಲ್ಲರೂ "ಕಾಗದದ ಚೂರುಗಳು ಕೋಲಿನ ಕಡೆಗೆ ಹಾರಿದುದನ್ನು ಕಂಡೆವು" ಎಂದು ಅಂದವಾದ ಅಕ್ಷರಗಳಿಂದ ಬರೆದರು. ಯಾರೂ ಕಂಡಿರಲಿಲ್ಲ. ನಾನು ಅದಕ್ಕೆ ರುಜು ಹಾಕಿದೆನು.

ಅವರಲ್ಲಿ ಕೆಲವರಾದರೂ ಈಗ ಈ ಪುಟಗಳನ್ನು ಓದುತ್ತಿರಬಹುದು. ಅವರಿಗೆ ಸಲ್ಲಬೇಕಾಗಿದ್ದ ಪಾಠವಿದು. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಾಡಿ ನೋಡುವಿರೆಂದು ನಂಬಿದ್ದೇನೆ.

ಎಲ್ಲಕ್ಕಿಂತ ಸುಲಭವಾದುದರಿಂದ ಆರಂಭಿಸೋಣ. ಎಣ್ಣೆ ಹಚ್ಚದ ಒಣಗಿದ ಕೂದಲನ್ನು ಪ್ಲಾಸ್ಟಿಕ್ಕಿನ ಬಾಚಣಿಗೆಯಿಂದ ಹತ್ತಾರು ಸಲ ಬಾಚಿ, ಅದನ್ನು ಸಣ್ಣ ಕಾಗದದ ಚೂರುಗಳ ಮೇಲೆ ಹಿಡಿಯಿರಿ. ಚೂರುಗಳು ಎದ್ದು ಬಂದು ಹಲ್ಲುಗಳಿಗೆ ಅಂಟಿಕೊಳ್ಳುತ್ತವೆ. ಇಷ್ಟನ್ನು ಯಾರೂ ಬಲ್ಲರು. ಆದರೆ ಬಾಚಣಿಗೆಯನ್ನು ಅಲುಗಿಸದೆ ಸ್ವಲ್ಪ ಹೊತ್ತು ಕಾಯಿರಿ. ಅಂಟಿಕೊಂಡ ಚೂರುಗಳಲ್ಲಿ ಕೆಲವು ಯಾರೋ ಚಿಮ್ಮಿದಂತೆ ತಟ್ಟನೆ ದೂರ ಹಾರುವುದನ್ನು ಕಾಣುವಿರಿ. ಮೊದಲು ಎಳೆದುಕೊಂಡ ವಸ್ತುವೇ ಅನಂತರ ತಳ್ಳಿಬಿಡುವುದೇಕೆ? ಈ ಪಾಠದ ಮರ್ಮವೆಲ್ಲವೂ ಇದರಲ್ಲಿಯೇ ಇದೆ.

ಇನ್ನೊಂದು ಪ್ರಯೋಗವನ್ನು ನೋಡಿದರೆ ಉತ್ತರವು ಸಮೀಪಕ್ಕೆ ಬರುವುದು. ತೆಳುವಾದ ಪ್ಲಾಸ್ಟಿಕ್ ಚೀಲದಿಂದ ಗೇಣುದ್ದದ ಎರಡು ಪಟ್ಟಿಗಳನ್ನು ಕತ್ತರಿಸಿ, ಒಂದೊಂದನ್ನೂ ಮೇಜಿನ ಮೇಲೆ ಚಾಚಿ ಉಣ್ಣೆಯ ಬಟ್ಟೆಯಿಂದ ಒಂದೇ ರೀತಿಯಲ್ಲಿ ಉಜ್ಜಿರಿ. ಮೇಲ್ತುದಿಗಳನ್ನು ಹಿಡಿದು ಅವೆರಡನ್ನೂ ಅಕ್ಕಪಕ್ಕದಲ್ಲಿ ತೂಗಹಾಕಿದರೆ, ಜಗಳವಾಡಿದ ಅಕ್ಕತಂಗಿಯರಂತೆ ಅವು ಒಂದಕ್ಕೊಂದು ದೂರ ಸರಿದು ನಿಲ್ಲುತ್ತವೆ. ಉಜ್ಜಿದ ಬಟ್ಟೆಯನ್ನೇ ನಡುವೆ ತಂದರೆ ಎರಡೂ ಅದರ ಕಡೆಗೆ ಬಾಗುತ್ತವೆ. ಒಂದೇ ಬಗೆಯ ಆವೇಶವುಳ್ಳವು ವಿಕರ್ಷಿಸುವವು, ಭಿನ್ನವಾದವು ಆಕರ್ಷಿಸುವವು. ವಿದ್ಯುತ್ತಿನಲ್ಲಿ ಎರಡು ಬಗೆಗಳುಂಟೆಂಬುದನ್ನು ಫ್ರಾನ್ಸ್ ದೇಶದ ದ್ಯುಫೇ ಎಂಬವನು 1733ರಲ್ಲಿ ಕಂಡುಹಿಡಿದನು. ಅವಕ್ಕೆ ಧನ, ಋಣ ಎಂಬ ಗುರುತುಗಳನ್ನು ಕೊಟ್ಟವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ರೇಷ್ಮೆಯಿಂದ ಉಜ್ಜಿದ ಗಾಜಿನದು ಧನ. ಉಣ್ಣೆಯಿಂದ ಉಜ್ಜಿದ ಅರಗಿನದು ಋಣ. ನಮ್ಮ ಪ್ಲಾಸ್ಟಿಕ್ ಪಟ್ಟಿಯೂ ಅರಗಿನ ಪಕ್ಷದ್ದೇ.

ಇನ್ನು ಕಾಗದದ ಸಂಗತಿ. ಕಾಗದವನ್ನು ಯಾರೂ ಉಜ್ಜಲಿಲ್ಲವಾದುದರಿಂದ ಅದರಲ್ಲಿ ಧನವೂ ಋಣವೂ ಸಮವಾಗಿವೆ. ಋಣಾವೇಶವುಳ್ಳ ಬಾಚಣಿಗೆ ಹತ್ತಿರ ಬಂದೊಡನೆ ಕಾಗದದೊಳಗಿನ ಋಣಾಂಶವು ಕೊಂಚ ಹಿಂಜರಿದು, ಧನಾಂಶವು ಬಾಚಣಿಗೆಯ ಕಡೆಯ ಮಗ್ಗುಲಲ್ಲಿ ಮೇಲುಗೈಯಾಗುತ್ತದೆ. ಸಮೀಪದಲ್ಲಿರುವ ಧನಾಂಶದ ಸೆಳೆತವು ದೂರದಲ್ಲಿರುವ ಋಣಾಂಶದ ತಳ್ಳುವಿಕೆಗಿಂತ ಬಲವಾಗಿರುವುದರಿಂದ ಚೂರು ಮೇಲಕ್ಕೇಳುವುದು. ಬಾಚಣಿಗೆಯನ್ನು ಮುಟ್ಟಿಕೊಂಡಿರುವಷ್ಟು ಹೊತ್ತಿನಲ್ಲಿ ಅದರ ಋಣಾವೇಶದಲ್ಲಿ ಸ್ವಲ್ಪ ಭಾಗವನ್ನು ತಾನೂ ಪಡೆದುಕೊಂಡು, ಅದೇ ಪಕ್ಷಕ್ಕೆ ಸೇರಿದುದರಿಂದ ಹೊರಕ್ಕೆ ಹಾರುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಉಜ್ಜಿದುದರಿಂದ ವಿದ್ಯುತ್ತು "ಹುಟ್ಟಿತು" ಎಂದು ನಾವು ಹೇಳುವುದುಂಟು. ನಾನೂ ಹಾಗೆಯೇ ಕಲಿಸಿದ್ದೆನು. ವಾಸ್ತವವಾಗಿ ಏನೂ ಹುಟ್ಟುವುದಿಲ್ಲ. ಇದನ್ನು ಕಣ್ಣಿಗೆ ಕಾಣಿಸುವ ಪ್ರಯೋಗವೊಂದಿದೆ. ಸ್ವಲ್ಪ ತಾಳ್ಮೆ ಬೇಕು, ಆದರೆ ಇಡೀ ಪಾಠದಲ್ಲಿ ಇದರಷ್ಟು ಸೊಗಸಾದುದು ಮತ್ತೊಂದಿಲ್ಲ.

ಮೊದಲು ಒಂದು ವಿದ್ಯುದ್ದರ್ಶಕವನ್ನು ಮಾಡಿಕೊಳ್ಳಿರಿ. ಅಗಲ ಬಾಯಿಯ ಉಪ್ಪಿನಕಾಯಿ ಸೀಸೆಯನ್ನು ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಿ. ದಪ್ಪ ರಟ್ಟಿನ ಮುಚ್ಚಳದ ನಡುವೆ ದೊಡ್ಡ ರಂಧ್ರವನ್ನು ಮಾಡಿ, ಅದರಲ್ಲಿ ತಾಮ್ರದ ತಂತಿಯನ್ನು ನಿಲ್ಲಿಸಿ, ತಂತಿಯು ರಟ್ಟಿಗೆ ತಾಗದಂತೆ ಸುತ್ತಲೂ ಮೇಣದಬತ್ತಿಯ ಮೇಣವನ್ನು ಕರಗಿಸಿ ತುಂಬಿರಿ. ರಟ್ಟು ತೇವವನ್ನು ಹೀರುವುದು; ಮೇಣವು ಹೀರದು. ಸೀಸೆಯೊಳಗಿನ ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಮಿಠಾಯಿಗೆ ಸುತ್ತುವ ತೆಳುವಾದ ಬೇಗಡೆಯ ಎರಡು ಸಣ್ಣ ಪಟ್ಟಿಗಳನ್ನು ಜೋಡಿಯಾಗಿ ತೂಗಬಿಡಿರಿ. ಹೊರಗಿನ ತುದಿಯನ್ನು ಸುರುಳಿಯಾಗಿ ಸುತ್ತಿ ಅದರ ಮೇಲೆ ಒಂದು ತಗಡಿನ ಡಬ್ಬಿಯನ್ನು ಬಾಯಿ ಮೇಲಾಗಿ ಕೂರಿಸಿರಿ. ಡಬ್ಬಿಯಲ್ಲಿ ಆವೇಶವು ತೋರಿದೊಡನೆ ಬೇಗಡೆಯ ಎಲೆಗಳು ಅಗಲುವುವು.

ಇನ್ನು ನೀರಿನ ಕೊಳಾಯಿಗೆ ಬಳಸುವ ಸಣ್ಣ ಪಿ.ವಿ.ಸಿ. ಕೊಳವೆಯೊಂದನ್ನು ತೆಗೆದುಕೊಂಡು, ಅದರ ತುದಿಗೆ ಕೂಸಿನ ಕುಲಾವಿಯಂತೆ ಸರಿಯಾಗಿ ಕೂರುವ ಉಣ್ಣೆಯ ಟೊಪ್ಪಿಗೆಯನ್ನು ಹೊಲಿಯಿರಿ. ಟೊಪ್ಪಿಗೆಗೆ ಒಂದು ಮೊಳದ ಒಣ ರೇಷ್ಮೆದಾರವನ್ನು ಕಟ್ಟಿ, ಅದನ್ನು ಟೊಪ್ಪಿಗೆಯ ಸುತ್ತಲೂ ಸುತ್ತಿ, ಬುಗುರಿಯ ಹಗ್ಗವನ್ನು ಎಳೆಯುವಂತೆ ಎಳೆದು ಟೊಪ್ಪಿಗೆಯನ್ನು ಕೊಳವೆಯ ಮೇಲೆ ತಿರುಗಿಸಿರಿ. ಹೀಗೆ ಕೆಲವು ಸಲ ಮಾಡಿದಲ್ಲಿ ಬೇಕಾದಷ್ಟು ಘರ್ಷಣವಾಯಿತು. ಟೊಪ್ಪಿಗೆಯನ್ನು ಕೈಯಿಂದ ಮುಟ್ಟದೆ, ಅದು ಕೊಳವೆಯ ಮೇಲಿರುವಂತೆಯೇ, ಬದಿಗೆ ತಾಗದಂತೆ ಡಬ್ಬಿಯೊಳಗೆ ಇಳಿಸಿರಿ. ಎಲೆಗಳು ಅಲುಗುವುದಿಲ್ಲ! ಈಗ ದಾರವನ್ನು ಹಿಡಿದು ಟೊಪ್ಪಿಗೆಯನ್ನು ಮಾತ್ರ ಮೇಲೆತ್ತಿರಿ. ಒಳಗೆ ಉಳಿದುದು ಕೊಳವೆಯೊಂದೇ. ಎಲೆಗಳು ಕೂಡಲೇ ಅಗಲುತ್ತವೆ. ಕೊಳವೆಯನ್ನು ತೆಗೆದು ಟೊಪ್ಪಿಗೆಯನ್ನು ಇಳಿಸಿದರೆ ಮತ್ತೆ ಅಷ್ಟೇ ಅಗಲುತ್ತವೆ. ಎರಡನ್ನೂ ಒಟ್ಟಿಗೆ ಇಳಿಸಿದರೆ ಪುನಃ ಕೂಡಿಕೊಳ್ಳುತ್ತವೆ. ಕೊಳವೆಗೆ ಎಷ್ಟು ಋಣವು ಬಂದಿತೋ ಟೊಪ್ಪಿಗೆಯಲ್ಲಿ ಅಷ್ಟೇ ಧನವು ಉಳಿಯಿತು. ಒಂದು ಕಾಳಿನಷ್ಟೂ ಹೆಚ್ಚುಕಡಿಮೆಯಿಲ್ಲ. ಒಬ್ಬಳ ಸೆರಗಿನಿಂದ ಅಕ್ಕಿಯನ್ನು ಮತ್ತೊಬ್ಬಳ ಸೆರಗಿಗೆ ಸುರಿದಂತೆಯೇ ಹೊರತು ಹೊಸದಾಗಿ ಬೆಳೆದುದಲ್ಲ. ಸುರಿಯಲ್ಪಡುವ ಕಾಳು ಯಾವುದೆಂಬುದು 1897ರಲ್ಲಿ ಜೆ. ಜೆ. ಥಾಮ್ಸನ್ನನು ಎಲೆಕ್ಟ್ರಾನನ್ನು ಗುರುತಿಸಿದ ತರುವಾಯವೇ ತಿಳಿಯತೊಡಗಿತು. ಆದರೂ ಎರಡು ವಸ್ತುಗಳು ತಾಗಿದಾಗ ಇಂಥದೇ ಕೊಡುವುದು, ಇಂಥದೇ ಕೊಳ್ಳುವುದು ಏಕೆಂಬ ಪ್ರಶ್ನೆಯು ಇಂದಿಗೂ ವಿಜ್ಞಾನಿಗಳಿಗೆ ಪೂರ್ತಿಯಾಗಿ ಬಗೆಹರಿದಿಲ್ಲ.

ಡಬ್ಬಿಯ ಈ ಉಪಾಯವು ಮೈಕೇಲ್ ಫಾರಡೇಯದು. ಅವನು 1843ರಲ್ಲಿ ಮಂಜುಗಡ್ಡೆಯನ್ನಿಡುವ ಪಾತ್ರೆಯನ್ನು ಬಳಸಿ ಇಂತಹ ಪರೀಕ್ಷೆಯನ್ನು ನಡೆಸಿದನು. ಅವನು ಕಮ್ಮಾರನ ಮಗನು. ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯುತ್ತ, ಕಟ್ಟಬೇಕಾದ ಪುಸ್ತಕಗಳನ್ನೇ ಓದಿ ಮೇಲೆ ಬಂದವನು. ತನ್ನ ಸಣ್ಣ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿಯೂ ಸೇವೆ ಮಾಡಿದವನು.

ಈಗ ಆ ಮಳೆಯ ದಿನಕ್ಕೆ ಹಿಂದಿರುಗುತ್ತೇನೆ. ನಾನು ಉಜ್ಜಿದುದು ವ್ಯರ್ಥವಾಗಿರಲಿಲ್ಲ. ವಿದ್ಯುತ್ತು ಬೇರ್ಪಟ್ಟಿತ್ತು, ನಿಲ್ಲಲಿಲ್ಲ. ಜುಲೈ ತಿಂಗಳಲ್ಲಿ ಕರಾವಳಿಯ ಗಾಳಿಯು ನೀರಿನ ಆವಿಯಿಂದ ತುಂಬಿರುತ್ತದೆ. ಆ ತೇವವು ಗಾಜಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆಯಾಗಿ ಕೂರುವುದು. ಗಾಜು ಅವಾಹಕವಾದರೂ ಈ ಪೊರೆಯು ವಾಹಕವಾದುದರಿಂದ, ಆವೇಶವು ಅದರ ಮೂಲಕ ನನ್ನ ಕೈಗೂ ಅಲ್ಲಿಂದ ನೆಲಕ್ಕೂ ಹರಿದುಹೋಗುತ್ತಿತ್ತು. ತೂತುಬಿದ್ದ ಕೊಡದಲ್ಲಿ ನೀರು ಸೇದಿದಂತಾಯಿತು. ವಿಜಯಪುರ, ಬಳ್ಳಾರಿಗಳ ಕಡೆ ಚಳಿಗಾಲದ ಒಣಹವೆಯಲ್ಲಿ ಉಣ್ಣೆಯ ಅಂಗಿಯನ್ನು ಕತ್ತಲೆಯಲ್ಲಿ ಕಳಚಿದರೆ ಚಟಚಟನೆ ಕಿಡಿಗಳು ಹಾರುವುದನ್ನು ಅಲ್ಲಿಗೆ ಮದುವೆಯಾಗಿ ಹೋದ ನಮ್ಮ ಹುಡುಗಿಯರು ಬಲ್ಲರು. ಅಲ್ಲಿ ಕೊಡಕ್ಕೆ ತೂತಿಲ್ಲ.

ಮಳೆಗಾಲದಲ್ಲಿ ಮಾಡಲೇಬೇಕೆಂದಿದ್ದರೆ ಉಪಾಯವುಂಟು. ಕೋಲನ್ನೂ ಬಟ್ಟೆಯನ್ನೂ ಒಲೆಯ ಬಳಿ ಬೆಚ್ಚಗಾಗುವಷ್ಟು ಇಟ್ಟು, ಆರುವ ಮುನ್ನವೇ ಉಜ್ಜಿರಿ; ಬಟ್ಟೆಗೆ ಇಸ್ತ್ರಿ ಹಾಕಿದರೆ ಇನ್ನೂ ಒಳ್ಳೆಯದು. ಗಾಜಿಗೆ ಬದಲಾಗಿ ಪಿ.ವಿ.ಸಿ. ಕೊಳವೆಯನ್ನು ಬಳಸಿರಿ, ಗಾಜಿನಷ್ಟು ಸುಲಭವಾಗಿ ಅದರ ಮೇಲೆ ತೇವವು ಹರಡಿ ಕೂರದು. ಮಕ್ಕಳು ವಸ್ತುಗಳ ಮೇಲೆ ಉಸಿರು ಬಿಡದಂತೆ ನೋಡಿಕೊಳ್ಳಿರಿ. ಸೀಮೆಎಣ್ಣೆ, ಪೆಟ್ರೋಲುಗಳ ಹತ್ತಿರ ಕಿಡಿಯ ಆಟವು ಬೇಡವೇ ಬೇಡ. ಗೋಡೆಯ ವಿದ್ಯುತ್ ತಂತಿಗೂ ಈ ಪ್ರಯೋಗಗಳಿಗೂ ಯಾವ ಸಂಬಂಧವನ್ನೂ ಕಲ್ಪಿಸಬಾರದು.

ವಾಹಕ, ಅವಾಹಕ ಎಂಬ ಭೇದವು ಲೋಕಕ್ಕೆ ತಿಳಿದುದೇ ಕೆಟ್ಟುಹೋದ ಒಂದು ಪ್ರಯೋಗದಿಂದ ಎಂಬುದು ನನಗೆ ಆ ದಿನ ತಿಳಿದಿರಲಿಲ್ಲ. ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬವನು ಬಟ್ಟೆಗೆ ಬಣ್ಣ ಹಾಕುವ ಕಸುಬಿನವನಾಗಿದ್ದು, ಮುಪ್ಪಿನಲ್ಲಿ ಲಂಡನ್ನಿನ ಒಂದು ಧರ್ಮಶಾಲೆಯಲ್ಲಿ ಆಶ್ರಯ ಪಡೆದಿದ್ದನು. ಉಜ್ಜಿದ ಗಾಜಿನ ಕೊಳವೆಯ ಗುಣವು ದಾರದ ಮೂಲಕ ದೂರಕ್ಕೆ ಹೋಗುವುದೆಂಬುದನ್ನು ಕಂಡು, 1729ರ ಬೇಸಗೆಯಲ್ಲಿ ಗ್ರಾನ್‌ವಿಲ್ ವೀಲರ್ ಎಂಬ ಸ್ನೇಹಿತನ ಮನೆಯಲ್ಲಿ ಉದ್ದವಾದ ಸೆಣಬಿನ ಹುರಿಯನ್ನು ರೇಷ್ಮೆದಾರಗಳ ಆಧಾರದ ಮೇಲೆ ಅಡ್ಡಲಾಗಿ ಕಟ್ಟಿದನು. ರೇಷ್ಮೆಯನ್ನು ಆರಿಸಿದುದು ಅದು ಸಪೂರವಾಗಿರುವುದರಿಂದ ಗುಣವು ಹೆಚ್ಚಾಗಿ ಸೋರದೆಂಬ ಎಣಿಕೆಯಿಂದ. ಹುರಿಯ ಭಾರಕ್ಕೆ ರೇಷ್ಮೆಯು ಕಡಿಯಿತು. ಅದಕ್ಕೆ ಬದಲಾಗಿ ಗಟ್ಟಿಯಾದ ಸಪೂರ ಹಿತ್ತಾಳೆ ತಂತಿಯನ್ನು ಕಟ್ಟಿದರು. ಎಷ್ಟು ಉಜ್ಜಿದರೂ ಹುರಿಯ ತುದಿಯಲ್ಲಿ ಏನೂ ತೋರಲಿಲ್ಲ. ಆ ಇಬ್ಬರೂ ಅದನ್ನು ಮುಚ್ಚಿಡಲಿಲ್ಲ. ರೇಷ್ಮೆಯು ವಿದ್ಯುತ್ತನ್ನು ತಡೆಹಿಡಿದುದು ಸಪೂರವಾಗಿದ್ದುದರಿಂದಲ್ಲ, ರೇಷ್ಮೆಯಾಗಿದ್ದುದರಿಂದಲೇ ಎಂದು ಗ್ರಹಿಸಿದರು. ಪುನಃ ರೇಷ್ಮೆಯನ್ನೇ ಕಟ್ಟಿ, ಆರುನೂರು ಅಡಿಗಳಿಗೂ ಮಿಕ್ಕಿದ ದೂರಕ್ಕೆ ವಿದ್ಯುತ್ತನ್ನು ಸಾಗಿಸಿದರು.

ಇತ್ತೀಚೆಗೆ ಇಂಥದೇ ಮಳೆಯ ದಿನ, ನಮ್ಮ ನೆರೆಮನೆಯ ಹುಡುಗಿಯೊಬ್ಬಳೊಡನೆ ಆ ಪ್ರಯೋಗವನ್ನು ಹಳೆಯ ಗಾಜಿನ ಕೋಲಿನಿಂದಲೇ ಮತ್ತೆ ಮಾಡಿದೆನು. ವಿದ್ಯುದ್ದರ್ಶಕದ ಎಲೆಗಳು ತುಸು ಅಗಲಿದಂತೆ ಮಾಡಿ, ಹತ್ತು ಎಣಿಸುವುದರೊಳಗೆ ಬಿದ್ದುಹೋದವು. ಅವಳು ಪುಸ್ತಕವನ್ನು ತೆರೆದು ನನ್ನ ಮುಖವನ್ನು ನೋಡಿದಳು. ಆಮೇಲೆ ಬರೆದುದು ಹೀಗಿದೆ: "ಗಾಜಿನ ಕೋಲನ್ನು ರೇಷ್ಮೆಯಿಂದ ಉಜ್ಜಿದೆವು. ಕಾಗದದ ಚೂರುಗಳು ಅಲುಗಲಿಲ್ಲ. ಎಲೆಗಳು ಬೇಗನೆ ಕೂಡಿಕೊಂಡವು. ಹೊರಗೆ ಮಳೆ ಬರುತ್ತಿತ್ತು."

ಕೆಳಗೆ ನಾನು ರುಜು ಹಾಕಿದೆನು.