ಹೂದೋಟದ ಗಸಗಸೆ

ಅಡುಗೆಯ ಗಸಗಸೆಯು ಅಫೀಮು ಗಿಡದ ಬೀಜ. 1985ರ ಮಾದಕ ವಸ್ತುಗಳ ಅಧಿನಿಯಮದಂತೆ ಅದನ್ನು ಪರವಾನಗಿಯಿಲ್ಲದೆ ಅಂದಕ್ಕಾಗಿ ಬೆಳೆಸುವುದೂ ಅಪರಾಧ. ಹೂದೋಟಕ್ಕೆ ತಕ್ಕುದು ಅದೇ ಕುಲದ ಷರ್ಲಿ ಗಸಗಸೆ. ಕೆಂಪು, ಗುಲಾಬಿ, ಬಿಳಿ ವರ್ಣಗಳ ಹೂ ಬಿಡುವ ಇದರ ಕಾಂಡವು ರೋಮಮಯ. ಅಫೀಮು ಗಿಡದ ಎಲೆಗಳಾದರೋ ಬೂದುಹಸಿರಾಗಿ ಕಾಂಡವನ್ನು ತಬ್ಬಿರುತ್ತವೆ.

ಷರ್ಲಿಯ ತಾಯಿಬೇರು ನೇರವಾಗಿ ಆಳಕ್ಕಿಳಿಯುವುದರಿಂದ ಕಿತ್ತು ನೆಟ್ಟ ಸಸಿ ಬದುಕುವುದು ವಿರಳ. ಆದುದರಿಂದ ಹೂ ಬಿಡಬೇಕಾದ ಪಾತಿಯಲ್ಲಿಯೇ ಅಥವಾ ಆಳವಾದ ಕುಂಡದಲ್ಲಿಯೇ ಬಿತ್ತತಕ್ಕದ್ದು. ಬೆಂಗಳೂರು, ಮೈಸೂರುಗಳಲ್ಲಿ ಮಳೆ ಹಿಂಜರಿದ ಮೇಲೆ, ಧೂಳಿನಷ್ಟು ಸಣ್ಣದಾದ ಬೀಜವನ್ನು ಒಣಮರಳಿನೊಡನೆ ಬೆರೆಸಿ, ಬಿಸಿಲು ಬೀಳುವ, ನೀರು ನಿಲ್ಲದ ಮಣ್ಣಿನ ಮೇಲೆ ಚೆಲ್ಲಬೇಕು. ಮೊಳೆಯಲು ಬೆಳಕು ಅಗತ್ಯವಾದ್ದರಿಂದ ಮಣ್ಣು ಮುಚ್ಚಬಾರದು. ಒಂದು ಗೇಣಿಗೊಂದು ಸಸಿಯನ್ನುಳಿಸಿ ಮಿಕ್ಕವನ್ನು ಕತ್ತರಿಸಬೇಕು. ಕಿತ್ತರೆ ನೆರೆಯ ಸಸಿಯ ಬೇರು ಅಲುಗೀತು.