ಡಬ್ಬಿ ತುಂಬುವ ಮುಂಚೆ ಒಂದು ಮಾತು

ಜೂನ್ ಬಂತೆಂದರೆ ಹೊಸ ಬ್ಯಾಗು, ಹೊಸ ಛತ್ರಿ, ಹೊಸ ಡಬ್ಬಿ. ಡಬ್ಬಿಯೊಳಗೆ ಹೋಗುವುದು ಮಾತ್ರ ಬೆಳಗಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು. ನಿಮಗೆ ತಿಳಿಯದೆಂದಲ್ಲ, ಮರೆಯುತ್ತೀರಿ. ಮನೆಯಲ್ಲೋ ಶಾಲೆಯಲ್ಲೋ ಚಿಕ್ಕ ಮಕ್ಕಳಿಗೆ ಊಟದ ಪಾಠ ಹೇಳುವವರಿಗೆಲ್ಲ ಇದು.

• ಆರು ವರ್ಷದ ಮಗುವಿಗೆ ಪ್ರೋಟೀನ್, ವಿಟಮಿನ್ ಎಂದು ಉರು ಹೊಡೆಸಬೇಡಿ. ಸೊಪ್ಪಿನ ಕಟ್ಟು ಮುಂದೆ ಹಾಕಿ, ಬಿಡಿಸಲು ಹೇಳಿ. ಮೆಂತ್ಯ ಯಾವುದು, ಸಬ್ಬಸಿಗೆ ಯಾವುದು ಎಂದು ಮೂಸಿ ಹೇಳುವಷ್ಟು ಪರಿಚಯವಾದರೆ ತಟ್ಟೆಯಲ್ಲಿ ಕಂಡಾಗ ಮುಖ ಸಿಂಡರಿಸುವುದು ಕಡಿಮೆ. ನಿಮಗೂ ಒಂದು ಕೆಲಸ ಹಗುರ.

• ರಾತ್ರಿ ಒಂದು ಹಿಡಿ ಹೆಸರುಕಾಳನ್ನು ಮಗುವಿನ ಕೈಯಿಂದಲೇ ನೆನೆಹಾಕಿಸಿ, ಬೆಳಿಗ್ಗೆ ನೀರು ಬಸಿದು ಒದ್ದೆಬಟ್ಟೆಯಲ್ಲಿ ಕಟ್ಟಿಸಿ. ಮೊಳಕೆ ಬಂತೇ ಎಂದು ಗಳಿಗೆಗೊಮ್ಮೆ ಬಿಚ್ಚಿ ನೋಡಿದರೆ ಗದರಬೇಡಿ. ತಾನು ಕಾದು ಕೂತದ್ದನ್ನು ಯಾವ ಮಗುವೂ ಸುಲಭಕ್ಕೆ ಬೇಡ ಎನ್ನುವುದಿಲ್ಲ. ಚಿಕ್ಕವರ ಹೊಟ್ಟೆಗೆ ಮೊಳಕೆಯನ್ನು ಆವಿಯಲ್ಲಿ ಬೇಯಿಸಿ, ಕಾಯಿತುರಿ, ನಿಂಬೆಹುಳಿ ಹಾಕಿ ಕೊಡಿ.

• ಸಕ್ಕರೆಯ ಪಾಠಕ್ಕೆ ಖಾಲಿ ಜ್ಯೂಸ್ ಬಾಟಲಿ ಸಾಕು. ಹಿಂದಿನ ಚೀಟಿಯಲ್ಲಿ ಸಕ್ಕರೆ ಎಷ್ಟು ಗ್ರಾಂ ಎಂದು ಹುಡುಕಿಸಿ, ನಾಲ್ಕರಿಂದ ಭಾಗಿಸಿ. ಹೆಚ್ಚುಕಡಿಮೆ ಅಷ್ಟು ಟೀ ಚಮಚ. ಆದರೆ ಹುಷಾರು: ಲೆಕ್ಕವನ್ನು 100 ಮಿ.ಲೀ.ಗೆ ಬರೆದು, ಬಾಟಲಿಯಲ್ಲಿ 200 ತುಂಬಿರುತ್ತಾರೆ. 12 ಗ್ರಾಂ ಎಂದಿದ್ದರೆ ಕುಡಿದದ್ದು 24, ಅಂದರೆ ಆರು ಚಮಚ. ಆ ಆರನ್ನೂ ಮಗುವೇ ಅಳೆದು ಬಟ್ಟಲಿಗೆ ಹಾಕಲಿ. ನೋಡಿದ ಮೇಲೆ ಆ ಸಕ್ಕರೆಯನ್ನು ಡಬ್ಬಕ್ಕೇ ಸುರಿಯಿರಿ, ಚೆಲ್ಲಬೇಡಿ.

• ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಕೊಬ್ಬು ವಿಪರೀತ ಇರುವ ತಿಂಡಿ ಮಾರಬಾರದೆಂದು 2020ರಲ್ಲೇ ನಿಯಮ ಬಂದಿದೆ. ನಿಯಮ ಇದ್ದಲ್ಲೇ ಇದೆ, ಗೂಡಂಗಡಿಯೂ ಇದ್ದಲ್ಲೇ ಇದೆ! ದಿನಾ ಕೈಗೆ ಚಿಲ್ಲರೆ ಕೊಟ್ಟು ಕಳಿಸುವವರು ನೀವೇ ಅಲ್ಲವೇ? ಅದರ ಬದಲು ಒಂದು ಸೀಬೆಹಣ್ಣು ಇಟ್ಟು ಕಳಿಸಿ.

• ಬಿಸಿಯೂಟದಲ್ಲಿ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಲೆಕ್ಕ. ಆ ತರಕಾರಿಯಲ್ಲಿ ಎಷ್ಟೋ ತಟ್ಟೆಯಂಚಿಗೆ ಸರಿದು ಅಲ್ಲಿಂದ ಬಕೆಟ್ಟಿಗೆ ಹೋಗುತ್ತದೆ. ಮೇಷ್ಟ್ರುಗಳೇ, ಟೀಚರಮ್ಮಂದಿರೇ, ವಾರಕ್ಕೊಂದು ದಿನವಾದರೂ ಮಕ್ಕಳ ಸಾಲಿನಲ್ಲಿ ಕೂತು ಅದೇ ಸಾಂಬಾರು ಉಣ್ಣಿ. ನೀವು ಕ್ಯಾರೆಟ್ ಜಗಿಯುವುದನ್ನು ನೋಡಿ ಪಕ್ಕದವನೂ ಜಗಿಯುತ್ತಾನೆ.

• ಶಾಲೆಯಲ್ಲಿ ಹಾಲು ಕೊಡುತ್ತಾರಲ್ಲ ಎಂದು ಬೆಳಗಿನ ತಿಂಡಿ ತಪ್ಪಿಸಬೇಡಿ. ಕ್ಷೀರಭಾಗ್ಯದ ಹಾಲು 150 ಮಿ.ಲೀ., ಒಂದು ಸಣ್ಣ ಲೋಟ. ಅಷ್ಟರಲ್ಲಿ ಮಧ್ಯಾಹ್ನದವರೆಗೆ ತಡೆಯುವುದು ಹೇಗೆ? ಪ್ರಾರ್ಥನೆಯಲ್ಲಿ ತಲೆಸುತ್ತಿ ಕೂರುವ ಮಕ್ಕಳನ್ನು ಕೇಳಿ ನೋಡಿ, ಬಹಳಷ್ಟು ಮಂದಿ ಖಾಲಿಹೊಟ್ಟೆಯಲ್ಲೇ ಬಂದಿರುತ್ತಾರೆ.

• ಎತ್ತರ ಬೆಳೆಸುತ್ತೇವೆಂದು ಟಿವಿಯಲ್ಲಿ ಕೂಗುವ ಪುಡಿ ಡಬ್ಬಕ್ಕೆ ದುಡ್ಡು ಸುರಿಯಬೇಡಿ. ನೂರು ಗ್ರಾಂ ರಾಗಿಯಲ್ಲೇ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಗಿರಣಿಯಲ್ಲಿ ಬೀಸಿಸಿ ಇಟ್ಟುಕೊಳ್ಳಿ. ಗಂಜಿ ಕಾಸಲು ಹತ್ತು ನಿಮಿಷ ಸಾಕು.

• ಊಟದ ಜೊತೆಗೆ, ಊಟವಾದ ಕೂಡಲೇ ಟೀ ಬೇಡವೇ ಬೇಡ. ಸೊಪ್ಪು, ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ. ಹುಳಿ ಅದಕ್ಕೆ ತದ್ವಿರುದ್ಧ. ಬಸ್ಸಾರಿನ ಮೇಲೆ ನಿಂಬೆ ಹಿಂಡಿ.

• ಪಲ್ಯ ತಿಂದರೆ ಚಾಕೊಲೇಟ್ ಕೊಡುತ್ತೇನೆ ಎನ್ನಬೇಡಿ. ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದು ನೀವೇ ಕಲಿಸಿದಂತಾಯಿತು.

• ಅಪ್ಪ ಹಾಗಲಕಾಯಿಯನ್ನು ಪಕ್ಕಕ್ಕೆ ಎತ್ತಿಟ್ಟು ಮಗನಿಗೆ ‘ತಿನ್ನೋ’ ಎಂದರೆ ನಡೆಯುವುದಿಲ್ಲ. ಅಪ್ಪನಿಗೆ ಮೊದಲು ಹೇಳಿ.

• ಫೆಬ್ರವರಿ 10, ಆಗಸ್ಟ್ 10ರ ಸುಮಾರಿಗೆ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ. ಆ ದಿನ ರಜೆ ಹಾಕಿಸಬೇಡಿ. ತಪ್ಪಿದರೆ ಮರುಸುತ್ತಿನಲ್ಲಿ ಕೇಳಿ ಕೊಡಿಸಿ. ಹೊಟ್ಟೆಯಲ್ಲಿ ಹುಳವಿದ್ದರೆ ನೀವು ಹಾಕುವ ತುಪ್ಪದಲ್ಲಿ ಅವಕ್ಕೂ ಪಾಲು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ, ಉಗುರು ಕತ್ತರಿಸಿ.

• ಸಂಜೆ ಬೈಯುವ ಮುಂಚೆ ಡಬ್ಬಿ ತೆರೆದು ನೋಡಿ. ಚಪಾತಿ ವಾಪಸ್ ಬಂದಿದ್ದರೆ ಒಣಗಿ ಗಟ್ಟಿಯಾಗಿತ್ತೋ, ತಿನ್ನಲು ಹೊತ್ತು ಸಾಲಲಿಲ್ಲವೋ ಕೇಳಿ. ಎಷ್ಟೋ ಸಲ ತಪ್ಪು ರುಚಿಯದಲ್ಲ, ಮುಚ್ಚಳದ್ದು. ಸಣ್ಣ ಕೈಗೆ ತೆರೆಯಲು ಬರುವುದಿಲ್ಲ, ಕೇಳಲು ನಾಚಿಕೆ. ಕೊಳ್ಳುವಾಗ ಅಂಗಡಿಯಲ್ಲೇ ಮಗುವಿನ ಕೈಯಿಂದ ತೆರೆಸಿ ನೋಡಿ. ತೊಳೆಯುವಾಗ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ, ನಿನ್ನೆಯ ಸಾಂಬಾರಿನ ವಾಸನೆ ಕೂತಿರುವುದು ಅಲ್ಲೇ.